ನೆಲದ ಕೆಳಗಿನ ಲೆಕ್ಕ

ಕೀಲಿಗೊಂಚಲು ಮೇಜಿನ ಮೇಲೆ ಬಿತ್ತು. ಅದಕ್ಕೆ ಸಿಕ್ಕಿಸಿದ್ದ ಹಿತ್ತಾಳೆಯ ಪುಟ್ಟ ಲಂಗರನ್ನು ನಜ್ಲಾ ಮೊದಲು ನೋಡಿದಳು. ಮುಖವನ್ನು ಆಮೇಲೆ.

ಆ ಲಂಗರು ಅವಳೇ ಕೊಡಿಸಿದ್ದು. ಆರು ವರ್ಷದ ಹಿಂದೆ, ಅಲೆಕ್ಸಾಂಡ್ರಿಯಾದ ಮನ್ಷಿಯ್ಯಾ ಪೇಟೆಯಲ್ಲಿ, ಅಂಗಡಿಯವನು ಕೈಮುಗಿಯುವಷ್ಟು ಚೌಕಾಸಿ ಮಾಡಿ.

"ಕೂತ್ಕೋಬಹುದಾ, ಇಂಜಿನಿಯರಮ್ಮ?"

ಬಾಸಿಮ್. ಜೆಡ್ಡಾದ ಬಿಸಿಲಿಗೆ ಕಪ್ಪಾಗಿದ್ದ. ಧ್ವನಿ ಮಾತ್ರ ಹಾಗೇ ಇತ್ತು... ಅದೇ ಅವಳಿಗೆ ಸಹಿಸಲಾಗದ್ದು.

"ಕುರ್ಚಿ ಇರೋದು ಗಿರಾಕಿಗಳಿಗೆ. ನೀವು ಗಿರಾಕಿನಾ?"

"ಸೀದಿ ಬಿಶ್ರ್‌ನಲ್ಲಿ ಒಂದು ಮನೆ ಇದೆ. ಐದನೇ ಮಹಡಿ. ಅರ್ಧ ಕೆಲಸ ಆಗಿ ನಿಂತಿದೆ. ಕಿತ್ತು ಸರಿ ಮಾಡ್ಬೇಕು. ಖರ್ಚಿನ ಅಂದಾಜು ಹಾಕಿಕೊಡಿ."

ಯಾವ ಮನೆ ಎಂದು ಅವಳು ಕೇಳಬೇಕಾಗಿರಲಿಲ್ಲ. ಅದರ ಅಡುಗೆಮನೆ ಕಿಟಕಿಯಿಂದ ಸಮುದ್ರ ಎಷ್ಟು ಕಾಣುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಎರಡು ಕಟ್ಟಡಗಳ ನಡುವೆ, ಒಣಗಹಾಕಿದ ಟವೆಲ್ಲಿನಷ್ಟು.

"ಯಾವಾಗ ಬೇಕು?"

"ಹಬ್ಬಕ್ಕೆ ಮುಂಚೆ. ಮದುವೆ ಇದೆ."

ನಜ್ಲಾ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದಳು.

ಮದುವೆ... ನನ್ನ ಮನೇಲಿ ಇನ್ನೊಬ್ಬಳನ್ನ ಕೂರಿಸೋಕೆ ನನ್ನ ಹತ್ರಾನೇ ಬಂದಿದ್ದಾನೆ.

"ನಾಡಿದ್ದು ಅಂದಾಜು ತರ್ತೀನಿ. ಮನೇಲೇ ಸಿಗಿ," ಎಂದಳು, ನಗುತ್ತಾ. ಆ ನಗು ಅವಳಿಗೇ ಹೊಸದು.

*

ಅಂದು ಆ ಮನೆಯ ಕೆಲಸ ಶುರು ಮಾಡಿಸಿದ್ದು ಬಾಸಿಮ್‌ನ ಅಪ್ಪ. ಮೊದಲು ಹಜಾರಕ್ಕೆ ಜಿಪ್ಸಮ್ ಚಾವಣಿ, ಅದರೊಳಗೆ ಅಡಗಿದ ದೀಪ. ನಜ್ಲಾಳ ಕಡೆಯವರು ಬಂದು ಮೇಲೆ ನೋಡಿ ಬಾಯಿ ಬಿಡಬೇಕಲ್ಲ. ಬಚ್ಚಲು ಕೊನೆಗೆ. ಅಷ್ಟರಲ್ಲಿ ಪೌಂಡಿನ ಬೆಲೆ ಕುಸಿಯಿತು, ಟೈಲ್ಸಿನ ಬೆಲೆ ಏರಿತು. ಬಚ್ಚಲಲ್ಲಿ ಬರಿಯ ಪೈಪುಗಳು ಬಾಯ್ತೆರೆದು ನಿಂತವು. ಹುಡುಗನ ಕಡೆಯವರು ಮನೆ ಮುಗಿಸದೆ ಮದುವೆ ಇಲ್ಲ. ಮದುವೆ ಒಮ್ಮೆ ಮುಂದೆ ಹೋಯಿತು. ಮತ್ತೊಮ್ಮೆ ಹೋಯಿತು.

ಆಮೇಲೆ ಒಂದು ದಿನ ನಜ್ಲಾಳ ಅಮ್ಮ ಬೀರು ತೆರೆದು, "ನಿಶ್ಚಿತಾರ್ಥದ ಒಡವೆ ವಾಪಸ್ ಕೇಳಿದ್ದಾರೆ," ಎಂದಳು.

ಹುಡುಗ ಬಿಟ್ಟರೆ ಒಡವೆ ಹುಡುಗಿಗೆ. ಹುಡುಗಿ ಬಿಟ್ಟರೆ ಒಡವೆ ವಾಪಸ್. ಅಲೆಕ್ಸಾಂಡ್ರಿಯಾದ ಯಾವ ಬೀದಿಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ತಾನೇ ಬಿಟ್ಟು, ಮೇಲೆ ಒಡವೆಯನ್ನೂ ಕೇಳುವ ಗಂಡಸಿಗೆ ಬೈಗುಳವನ್ನು ಇನ್ನೂ ಯಾರೂ ಹುಟ್ಟಿಸಿಲ್ಲ. ನಜ್ಲಾ ಒಂದು ಮಾತೂ ಕೇಳದೆ ಉಂಗುರ ಕಳಚಿಕೊಟ್ಟಳು. ಅವನ ನಂಬರು ಬ್ಲಾಕ್ ಮಾಡಿದಳು. ಎಂಟು ತಿಂಗಳಲ್ಲಿ ಸ್ವಂತ ಕಚೇರಿ ತೆರೆದಳು. ಅವಳ ಅಂದಾಜುಗಳಲ್ಲಿ ಯಾವಾಗಲೂ ಬಚ್ಚಲು ಮೊದಲು, ಚಾವಣಿ ಕೊನೆಗೆ. ಅವಳ ಗಿರಾಕಿಗಳ್ಯಾರೂ ಅರ್ಧದಲ್ಲಿ ನಿಂತಿರಲಿಲ್ಲ.

ಇವನು ನಿಲ್ಲಬೇಕು.

ಮನುಷ್ಯನನ್ನು ಮುಳುಗಿಸಲು ದೊಡ್ಡ ಮೊತ್ತ ಬರೆಯಬೇಕಾಗಿಲ್ಲ. ಚಿಕ್ಕದು ಬರೆದರೆ ಸಾಕು. ಅವಳು ಆರಾಮಾಗಿ, ಚಹಾ ಹೀರುತ್ತಾ ಬರೆದಳು. ಜಿಪ್ಸಮ್ ಚಾವಣಿ ಬರೆದಳು. ಅಡಗಿದ ದೀಪ ಬರೆದಳು. ಮದುಮಗಳ ಪಿಂಗಾಣಿ ಜೋಡಿಸುವ ಗಾಜಿನ ಬೀರು, ಅದರ ಹಿಂದಿನ ಗೋಡೆಗೆ ಕನ್ನಡಿ. ಹಳೆಯ ಪೈಪು ಕೀಳುವುದನ್ನು ಬರೆಯಲಿಲ್ಲ. ಐದನೇ ಮಹಡಿಯಿಂದ ಕಸ ಇಳಿಸುವ ಕೂಲಿ ಬರೆಯಲಿಲ್ಲ. ಬಚ್ಚಲಿನ ನೆಲದ ಕೆಳಗೆ ಬಳಿಯುವ ನೀರುತಡೆಯನ್ನು ಬರೆಯಲಿಲ್ಲ. ಬೆಲೆ ಏರಿದರೆ ಬೇಕಾಗುವ ಮೀಸಲು ಹಣವನ್ನಂತೂ ಬರೆಯಲೇ ಇಲ್ಲ.

ಎರಡನೇ ತಿಂಗಳಲ್ಲಿ ಅವನ ಕೈ ಖಾಲಿಯಾಗುತ್ತದೆ. ಆ ಹುಡುಗಿಯ ತಾಯಿ ಬಂದು ಬಚ್ಚಲ ಬಾಗಿಲಲ್ಲಿ ನಿಂತು, ಸೆರಗಿನಂತೆ ಸ್ಕಾರ್ಫನ್ನು ಮೂಗಿಗೆ ಹಿಡಿಯುತ್ತಾಳೆ. ಆಗ ಅವನಿಗೆ ಗೊತ್ತಾಗುತ್ತದೆ...

ಟೈಲ್ಸಿನ ಮೇಸ್ತ್ರಿ ಸಬ್ರಿ ಕಾಗದ ಎತ್ತಿ ನೋಡಿದ. "ಇಂಜಿನಿಯರಮ್ಮ, ಇದು ಅಂದಾಜೋ, ಮದುವೆ ಕರೆಯೋಲೆಯೋ? ಬರೀ ಚಂದಾನೇ ಇದೆ."

"ನಿಮ್ಮ ಕೂಲಿ ಇದೆ ತಾನೇ?"

"ನಂದಿದೆ. ನೀರುತಡೆ ಇಲ್ಲ. ಕೆಳಗಿನ ಮನೆಯೋರು ಕೊಡೆ ಹಿಡಿದು ಊಟ ಮಾಡ್ಬೇಕಾಗುತ್ತೆ."

"ಮಾಡ್ಲಿ."

ಸಬ್ರಿ ಗಿರಾಕಿಯ ಹೆಸರು ಓದಿದ. ಅವನ ಹುಬ್ಬು ಮೇಲೇರಿತು. ಅವಳು ಮುಂದಿಟ್ಟ ಚಹಾದ ಲೋಟವನ್ನು ಮೆಲ್ಲಗೆ ಅವಳತ್ತಲೇ ತಳ್ಳಿದ. "ಇವತ್ತು ನಿಮ್ಮ ಕೈಯಿಂದ ಏನೂ ಕುಡಿಯಲ್ಲ ನಾನು."

*

ಬಾಸಿಮ್ ಆ ಕಾಗದವನ್ನು ಹಜಾರದಲ್ಲಿ ನಿಂತು ಓದಿದ. ತಲೆಯ ಮೇಲೆ ಹಳೆಯ ಜಿಪ್ಸಮ್ ಚಾವಣಿ, ಉಪ್ಪುಗಾಳಿಗೆ ಹಳದಿಯಾಗಿ ತೊಂಗುತ್ತಿತ್ತು. ಅವನು ಎರಡನೇ ಸಲ ಓದಿದ.

"ನಾಲ್ಕೂವರೆ ಲಕ್ಷ."

"ಹೌದು. ನಿಮಗೋಸ್ಕರ ತುಂಬಾ ಇಳಿಸಿದೀನಿ."

"ಬಚ್ಚಲಿನ ನೆಲದ ಕೆಳಗೆ ಏನೂ ಇಲ್ಲ."

ನಜ್ಲಾ ಕಿಟಕಿಯತ್ತ ನೋಡಿದಳು.

"ಜೆಡ್ಡಾದಲ್ಲಿ ಹೋಟೆಲಿನ ಪೈಪು ರಿಪೇರಿ ಮಾಡ್ಕೊಂಡಿದ್ದೆ ನಜ್ಲಾ. ಇದನ್ನ ಯಾರೂ ಮರೆಯಲ್ಲ. ನೀನು ಮರೆತಿಲ್ಲ... ಬೇಕು ಅಂತ ಬಿಟ್ಟಿದ್ದೀಯ." ಅವನು ಕೈ ಚಾಚಿದ. "ಪೆನ್ನು ಕೊಡು."

"ಯಾಕೆ?"

"ಸಹಿ ಹಾಕ್ತೀನಿ. ಮುಳುಗಿಸೋ ಆಸೆ ಇದ್ರೆ ಮುಳುಗಿಸು. ಒಂದೇ ಮಾತು ಹೇಳು. ಬಿಟ್ಟು ಹೋದವಳು ನೀನು. ಸೇಡು ನಿಂಗ್ಯಾಕೆ?"

"ಬಿಟ್ಟು ಹೋದವಳು ನಾನಾ? ಒಡವೆ ವಾಪಸ್ ಕೇಳಿದವನು ಯಾರು?"

"ನಾನು ಕೇಳ್ಲಿಲ್ಲ."

"ಸುಳ್ಳು ಹೇಳ್ಬೇಡ."

"ಒಂದು ಶುಕ್ರವಾರ ನಿನ್ನ ಸೋದರಮಾವ ಒಡವೆ ಪೆಟ್ಟಿಗೆ ತಂದಿಟ್ಟ. ‘ಹುಡುಗಿಗೆ ಮನಸ್ಸಿಲ್ಲ’ ಅಂದ. ಚಹಾನೂ ಕುಡೀದೆ ಹೋದ. ನಿಂಗೆ ಫೋನ್ ಮಾಡಿದೆ, ಹೋಗ್ಲಿಲ್ಲ. ಮನೆ ಹತ್ರ ಬಂದೆ, ನಿಮ್ಮಮ್ಮ ಬಾಗಿಲು ತೆಗೀಲಿಲ್ಲ."

ನಜ್ಲಾ ಅಲ್ಲೇ ಫೋನ್ ತೆಗೆದಳು. ಅಮ್ಮನಿಗೆ ಕರೆ ಮಾಡಿದಳು. ಆ ಕಡೆ ಬದನೆಕಾಯಿ ಕರಿಯುವ ಸದ್ದು.

"ಅಮ್ಮ, ಒಡವೆ ಬಾಸಿಮ್ ಮನೆಯೋರು ಕೇಳಿದ್ರಾ?"

"ಈಗ್ಯಾಕೆ ಅದು?"

"ಕೇಳಿದ್ರಾ?"

ಸ್ಟವ್ ಆರಿಸಿದ ಸದ್ದು. ಆಮೇಲೆ ಅಮ್ಮನ ಧ್ವನಿ, ಸಣ್ಣಗೆ. "ಇಪ್ಪತ್ತೆಂಟು ತುಂಬಿತ್ತು ನಿಂಗೆ. ಆ ಬಚ್ಚಲು ಮುಗಿಯೋ ಲಕ್ಷಣ ಇರ್ಲಿಲ್ಲ. ಅವನನ್ನ ಬಿಡು ಅಂದಿದ್ರೆ ನೀನು ಸಾಯೋತನಕ ಕಾಯ್ತಿದ್ದೆ. ಅವನೇ ಬಿಟ್ಟ ಅಂದ್ರೆ ಒಂದು ವಾರ ಅತ್ತು ಎದ್ದೇಳ್ತೀಯ ಅಂದ್ಕೊಂಡೆ."

"ಎದ್ದಿಲ್ಲ ಅಮ್ಮ," ಎಂದಳು ನಜ್ಲಾ. ಫೋನ್ ಕೆಳಗಿಟ್ಟಳು.

ಬಾಸಿಮ್ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಸುಣ್ಣವೆಲ್ಲ ಬೆನ್ನಿಗೆ ಅಂಟಿತ್ತು. ನಾಲ್ಕು ವರ್ಷದ ದ್ವೇಷ... ಅದನ್ನು ಈಗ ಯಾರ ಮೇಲೆ ಸುರಿಯುವುದು? ಅವಳಿಗೆ ತಿಳಿಯಲಿಲ್ಲ. ಆದರೆ ಒಂದು ಬಾಕಿ ಇತ್ತು.

"ಮತ್ತೆ ನಿನ್ನ ಮದುವೆ? ಅವಳ್ಯಾರು?"

"ಯಾರೂ ಇಲ್ಲ."

"ಏನು?"

"ನೀನು ಬಿಟ್ಟುಹೋದ ಮನೇನ ನಿನ್ನ ಕೈಯಿಂದಾನೇ ಮುಗಿಸ್ಬೇಕು, ಆಮೇಲೆ ಬಾಗಿಲಲ್ಲಿ ನಿಂತು ‘ಆಯ್ತು ಇಂಜಿನಿಯರಮ್ಮ, ಇನ್ನು ಹೊರಡಿ’ ಅನ್ಬೇಕು ಅಂತ ಬಂದೆ. ಜೆಡ್ಡಾದಲ್ಲಿ ದಿನಾ ಅಭ್ಯಾಸ ಮಾಡಿದೀನಿ. ಕನ್ನಡಿ ಮುಂದೆ."

"ಈಗ ಅಂದು ತೋರಿಸು."

"ಆಯ್ತು ಇಂಜಿನಿಯರಮ್ಮ, ಇನ್ನು..." ಎಂದ. ಸುಣ್ಣದ ಗೋಡೆಗೆ ಕೈಯೂರಿ ತಲೆಯಾಡಿಸಿಬಿಟ್ಟ.

ಇಷ್ಟು ವರ್ಷ ಅವಳು ಕಾಣಬೇಕೆಂದಿದ್ದು ಅವನ ಇದೇ ಮುಖವನ್ನು. ಸೋತ ಮುಖ. ಕಂಡಾಗ ಅವಳಿಗೆ ಗೆದ್ದ ಹಾಗಾಗಲಿಲ್ಲ.

ಬೋರಲು ಬಿದ್ದಿದ್ದ ಬಣ್ಣದ ಡಬ್ಬದ ಮೇಲೆ ಅವಳು ಕೂತಳು. ಕಾಗದ ಕಿತ್ತುಕೊಂಡು ಮಗುಚಿದಳು.

"ನಿನ್ನ ಹತ್ರ ನಿಜವಾಗಿ ಎಷ್ಟಿದೆ? ಜಂಬ ಬೇಡ."

"ಆರು ಲಕ್ಷ."

"ಹಾಗಾದ್ರೆ ಐದೇ ಇದೆ ಅಂದ್ಕೋ. ಒಂದನ್ನ ಮುಟ್ಟೋ ಹಾಗಿಲ್ಲ, ಬೆಲೆ ಏರುತ್ತೆ. ಮೊದಲು ಬಚ್ಚಲು. ಪೈಪು, ನೀರುತಡೆ. ಎರಡು ದಿನ ನೆಲದ ತುಂಬ ನೀರು ನಿಲ್ಲಿಸ್ತೀವಿ, ಕೆಳಗಿನ ಮನೆಯೋರ ಚಾವಣಿ ಒಣಗೇ ಇದ್ರೆ ಮಾತ್ರ ಟೈಲ್ಸು. ಆಮೇಲೆ ಕರೆಂಟಿನ ತಂತಿ."

"ಮೂರನೇ ಕೋಣೆ?"

"ಬೀಗ ಹಾಕು. ಮುಂದಿನ ವರ್ಷ ನೋಡೋಣ."

"ಚಾವಣಿ?"

"ಆ ದರಿದ್ರ ಜಿಪ್ಸಮ್ಮನ್ನ ನಾನೇ ಸುತ್ತಿಗೆ ತಗೊಂಡು ಒಡೀತೀನಿ. ಅದಕ್ಕೆ ಕೂಲಿ ಬೇಡ."

ಅವನು ಮೊದಲ ಸಲ ನಕ್ಕ. "ಒಡವೆ ಹಾಗೇ ಇದೆ. ಮಾರಿಲ್ಲ."

"ಬಳೆ ಮಾರು. ಅಡುಗೆಮನೆ ಆಗುತ್ತೆ."

"ಉಂಗುರ?"

ಬಲಗೈ ಬರೆಯುತ್ತಲೇ ಇತ್ತು. ಅವಳು ತಲೆ ಎತ್ತದೆ ಎಡಗೈ ಚಾಚಿದಳು. "ಅದು ಅಂದಾಜಿನೊಳಗೆ ಬರಲ್ಲ."

ಆ ಕೈಯನ್ನು ಅವನು ಹಿಡಿದುಕೊಂಡ. ಉಂಗುರ ಅಪ್ಪನ ಮನೆಯಲ್ಲಿತ್ತು, ಆದರೂ ಬಿಡಲಿಲ್ಲ.

"ಗಾಜಿನ ಬೀರು? ನಿಮ್ಮಮ್ಮ ನಿಂಗೆ ಹತ್ತು ವರ್ಷ ಆದಾಗಿಂದ ಮದುವೆಗೆ ಅಂತ ಪಿಂಗಾಣಿ ಕೂಡಿಡ್ತಿದ್ದಾರೆ. ಮಂಚದ ಕೆಳಗೆಲ್ಲ ಅದೇ."

ನಜ್ಲಾ ಪೆನ್ನು ನಿಲ್ಲಿಸಿದಳು. ಸೇಡು ಎಲ್ಲಿಗೆ ಹೋಗಬೇಕೆಂದು ಈಗ ತಿಳಿಯಿತು.

"ಬೀರು ಇಲ್ಲ. ಅಮ್ಮನಿಗೆ ಅದೇ ಶಿಕ್ಷೆ. ಬರೀ ನೋಡೋಕೆ ಅಂತ ಇಟ್ಟ ಆ ಚಿನ್ನದ ಅಂಚಿನ ತಟ್ಟೆಗಳಲ್ಲಿ ದಿನಾ ಊಟ ಮಾಡ್ತೀವಿ."

"ದಿನಾನಾ?"

"ದಿನಾ. ಅಮ್ಮ ಬಂದ ದಿನ ತಟ್ಟೆ ತೊಳೆಯೋನು ನೀನು. ಒಂದು ಒಡೀಬೇಕು. ಅವಳ ಕಣ್ಣೆದುರು."

"ಬೇಕು ಅಂತಾನಾ?"

"ಕೈ ಜಾರಿ."

ಕಿಟಕಿಯಲ್ಲಿ ಟವೆಲ್ಲಿನಷ್ಟು ಸಮುದ್ರ ಹೊಳೆಯುತ್ತಿತ್ತು. ಅವಳ ಹೆಗಲ ಮೇಲಿನ ಸುಣ್ಣವನ್ನು ಅವನು ಕೊಡವಿದ. ಅವನ ಕೈಯ ಸುಣ್ಣವೇ ಮತ್ತೆ ಅಂಟಿತು.

"ನಾಳೆ ಎಷ್ಟು ಹೊತ್ತಿಗೆ ಬರ್ತೀಯ?"

"ಎಂಟಕ್ಕೆ. ಸಬ್ರಿ ಜೊತೆ. ತಿಂಡಿಗೆ ಬಿಸಿ ಫೂಲ್ ಕಾಳು ತಂದಿರು."

"ಇಲ್ಲಿ ತಟ್ಟೆ ಇಲ್ವಲ್ಲ?"

"ನಾನು ತರ್ತೀನಿ," ಎಂದಳು ನಜ್ಲಾ. "ಅಮ್ಮ ಏಳೋಕೆ ಮುಂಚೆ, ಮಂಚದ ಕೆಳಗಿಂದ... ಮೂರು."