ಹುಣಸೆಮರದ ಎಡಗೈ ಅಕ್ಷರ

"ಮೇಡಂ, ಆ ಮರಕ್ಕೆ ಓದೋಕೆ ಬರ್ತದಾ?"

ಬೆನ್ನ ಹಿಂದಿನಿಂದ ಬಂದ ದನಿಗೆ ಮಧುಶ್ರೀ ಬೆಚ್ಚಿ ತಿರುಗಿದಳು. ಅಂಗೈಯೆಲ್ಲ ಸೀಮೆಸುಣ್ಣ ಮಾಡಿಕೊಂಡು, ಗಡಿಯಾರ ನೋಡುತ್ತಾ ಒಬ್ಬ ನಿಂತಿದ್ದ. ಗಣಿತದ ಮೇಷ್ಟ್ರು ಪರಮೇಶ!

"ನನ್ನ ಪೀರಿಯಡ್ ಶುರುವಾಗಿ ಹತ್ತು ನಿಮಿಷ ಆಯ್ತು. ಐದನೇ ಕ್ಲಾಸು ಖಾಲಿ. ಇಲ್ಲಿ ನೋಡಿದ್ರೆ ಮಕ್ಕಳೆಲ್ಲ ಹುಣಸೆಮರಕ್ಕೆ ಕಾಗದ ಬರೀತಿದ್ದಾರೆ!"

ಮಕ್ಕಳು ಕಿಸಕ್ಕನೆ ನಕ್ಕರು. ಮಧುಶ್ರೀಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಚೆನ್ನಾಗಿ ಓದುತ್ತೆ ಸರ್. ಉತ್ತರಾನೂ ಬರೆಯುತ್ತೆ. ಬೇಕಿದ್ರೆ ನೋಡ್ತಾ ಇರಿ!"

ಅವನು ಸಣ್ಣಗೆ ನಕ್ಕ. ಆ ನಗು ಚೆನ್ನಾಗಿತ್ತು ಎಂಬುದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮಧುಶ್ರೀ ದಿನಾ ಮಧುವನಹಳ್ಳಿಯಿಂದ ಬಸ್ಸು ಹತ್ತಿ ರಾಮಾಪುರದ ಹತ್ತಿರದ ಈ ಶಾಲೆಗೆ ಬರುವ ಕನ್ನಡದ ಅತಿಥಿ ಶಿಕ್ಷಕಿ. 'ನಮ್ಮ ಶಾಲೆ' ಅಂತ ಪ್ರಬಂಧ ಬರೆಸಿದರೆ ಇಪ್ಪತ್ತಾರು ಮಕ್ಕಳೂ ಗೈಡಿನಲ್ಲಿದ್ದ ಒಂದೇ ಪ್ರಬಂಧ ಬರೆದಿದ್ದರು. ಅದಕ್ಕೇ ಈ ಉಪಾಯ. ಮರಕ್ಕೆ ಕಾಗದ ಬರೆಯಲು ಯಾವ ಗೈಡೂ ಇಲ್ಲವಲ್ಲ!

ಮರದ ಪೊಟರೆಯಲ್ಲಿ ಕಾಗದಗಳು ತುಂಬಿದವು. ವರ್ಷವಿಡೀ ತುಟಿ ಬಿಚ್ಚದ ದೀಪಶ್ರೀ ಕೂಡ ಬರೆದಿದ್ದಳು.

'ಮರವೇ, ನಮ್ಮನೇಲಿ ತಮಿಳು ಮಾತಾಡೋದು. ಇಲ್ಲಿ ಬಾಯ್ಬಿಟ್ರೆ ಎಲ್ಲಾ ನಗ್ತಾರೆ. ನಿನಗೆ ತಮಿಳು ಗೊತ್ತಾ?'

ಓದಿ ಮಧುಶ್ರೀಯ ಕಣ್ಣು ತುಂಬಿತು. ಮನೆಯಲ್ಲಿ ಕೂತು ಎಲ್ಲದಕ್ಕೂ ಮರದ ಹೆಸರಲ್ಲಿ ಉತ್ತರ ಬರೆದು, ಮಕ್ಕಳ ಕಾಗದಗಳ ಜೊತೆಗೇ ಪೊಟರೆಯಲ್ಲಿ ತಂದಿಟ್ಟಳು. ಆದರೆ ದಿನಾ ಅವಳೇ ತಿದ್ದುವ ಕಾಪಿ ಪುಸ್ತಕ ನೋಡಿದ ಮಕ್ಕಳಲ್ಲವೇ?

"ಮಿಸ್... ಇದು ನಿಮ್ಮಕ್ಷರ," ಅಂದಳು ದೀಪಶ್ರೀ. ಅಷ್ಟೇ ಅಂದು ಕಾಗದ ಮಡಚಿ ಹಿಂದಿರುಗಿಸಿದಳು.

ಇಪ್ಪತ್ತಾರು ಮುಖಗಳೂ ಸಪ್ಪಗಾದವು. ಬಾಗಿಲಲ್ಲಿ ತನ್ನ ಪೀರಿಯಡ್ಡಿಗೆ ಕಾಯುತ್ತಿದ್ದ ಪರಮೇಶ ಎಲ್ಲವನ್ನೂ ನೋಡಿದ. ಈ ಸಲ ನಗಲಿಲ್ಲ.

ಎರಡು ದಿನ ಕಳೆದ ಮೇಲೆ ಪೊಟರೆಯಲ್ಲಿ ಹೊಸ ಕಾಗದಗಳು! ಸೊಟ್ಟಸೊಟ್ಟ, ವಾಲಿದ ಅಕ್ಷರ. ಮಕ್ಕಳು ಕಂಡ ಯಾರ ಅಕ್ಷರವೂ ಅಲ್ಲ. ದೀಪಶ್ರೀ ತನ್ನದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದಳು.

"ತಮಿಳು ಗೊತ್ತು ಕಣವ್ವ. ನನ್ನ ಕೊಂಬೆ ಮೇಲೆ ಕೂರೋ ಗಿಳಿಗಳು ಆ ಕಡೆಯಿಂದಲೇ ಬರೋದು. ಅವು ಮಾತಾಡಿದ್ರೆ ಯಾರೂ ನಗಲ್ಲ. ನೀನೂ ಮಾತಾಡು."

ಯಾರೂ ನಗಲಿಲ್ಲ. ಆ ಹುಡುಗಿಯ ದನಿಯನ್ನು ಕ್ಲಾಸು ಮೊದಲ ಸಲ ಕೇಳಿತ್ತು.

ಯಾರು ಬರೆದಿರಬಹುದು? ಎಂಟನೇ ಕ್ಲಾಸಿನವರ ಕೆಲಸವೇ ಇರಬೇಕು ಅಂದುಕೊಂಡಳು ಮಧುಶ್ರೀ.

ಒಂದು ಮಧ್ಯಾಹ್ನ ಅವಳ ಕಣ್ಣಿಗೆ ಬಿದ್ದದ್ದೇ ಬೇರೆ. ಪರಮೇಶ ಪೊಟರೆಗೆ ಕೈ ಹಾಕಿ, ಮಕ್ಕಳು ಮತ್ತೆ ಬರೆದಿಟ್ಟಿದ್ದ ಕಾಗದಗಳನ್ನು ಜೇಬಿಗೆ ತುರುಕಿಕೊಂಡ. ನೆಟ್ಟಗೆ ಹೆಡ್‌ಮಾಸ್ಟರ್ ಕೋಣೆಗೆ ಹೋದ!

ಮರುದಿನ ಹೆಡ್‌ಮಾಸ್ಟರ್ ದೊಡ್ಡಮಾದಪ್ಪ ಕರೆಸಿದರು.

"ಮೇಡಮ್ಮೋರೆ, ಕನ್ನಡ ಪಾಠ ಹಿಂದಕ್ಕುಳ್ದದಂತೆ. ಬರೋ ತಿಂಗ್ಳಿಂದ ವಾರಕ್ಕೆ ಎರಡು ಪೀರಿಯಡ್ ಜಾಸ್ತಿ ತಕಂಡು ಮುಗ್ಸಿ. ಇಲ್ದಿದ್ರೆ ಜೂನ್‌ನಲ್ಲಿ ನಿಮ್ಮನ್ನೇ ಕರ್ಸೋಕೆ ಕಷ್ಟ ಆಯ್ತದೆ."

ಮಧುಶ್ರೀಯ ಕಿವಿಗೆ ಬಿದ್ದದ್ದು 'ಹಿಂದಕ್ಕುಳ್ದದಂತೆ' ಎಂಬುದೊಂದೇ. ಚಾಡಿ ಹೇಳಿದ್ದು ಯಾರು ಅಂತ ಬೇರೆ ಹೇಳಬೇಕೇ! ಆ ಎರಡು ಪೀರಿಯಡ್ ಯಾರದ್ದು ಅಂತ ಕೇಳುವಷ್ಟು ತಾಳ್ಮೆ ಸಿಟ್ಟಿಗೆ ಎಲ್ಲಿಂದ ಬರಬೇಕು?

ಕಾಪಿ ಪುಸ್ತಕ ಹೊತ್ತ ದೀಪಶ್ರೀಯ ಜೊತೆ ಬರುವಾಗ ವರಾಂಡದಲ್ಲಿ ಅವನು ಎದುರಾದ.

"ಮೇಡಂ, ಒಂದು ನಿಮಿಷ..."

"ಮಕ್ಕಳ ಕಾಗದ ಕದ್ದು ದೂರು ಕೊಡೋರ ಹತ್ರ ನನಗೆ ಮಾತಿಲ್ಲ ಸರ್! ಇನ್ನು ಮರಕ್ಕೆ ಕಾಗದ ಬರೆಸಲ್ಲ. ಸಮಾಧಾನ ಆಯ್ತಾ?"

ಅವನ ಮುಖ ಬಿಳಿಚಿಕೊಂಡಿತು. ತಲೆ ತಗ್ಗಿಸಿ ಹೋದ. ಗೆದ್ದಿದ್ದರೂ ಅವಳಿಗೆ ಅಳು ಬಂತು. 'ಯಾಕೆ ಇಷ್ಟು ನೋವಾಗ್ತಿದೆ? ಇವರು ನನಗೆ ಏನಾಗಬೇಕು?'

ಎರಡು ವಾರ ಮಾತಿಲ್ಲ, ಕತೆಯಿಲ್ಲ. ಬಿಸಿಯೂಟದ ಪುಟ್ಟಬಸಮ್ಮ ಒಂದು ದಿನ ಅವಳ ತಟ್ಟೆಗೆ ಸಾರು ಬಡಿಸುತ್ತಾ ಕೇಳಿದಳು.

"ಯಾಕವ್ವ, ಪರಮೇಸ್ ಮೇಷ್ಟ್ರ ಮ್ಯಾಲೆ ಮುನಿಸು? ತಮ್ಮ ಎರಡು ಪೀರೇಡು ನಿಮ್ಗೇ ಬುಟ್ಕೊಟ್ರಲ್ಲ!"

"ಅವರ ಪೀರಿಯಡ್ಡಾ?"

"ಊಂ ಕಣವ್ವ! ಪಾಠ ಇಂದಕ್ಕುಳ್ದದೆ ಅಂತ ಎಡ್‌ಮಾಸ್ಟ್ರೇ ಮೊದ್ಲು ರೇಗಿದ್ರು. 'ಅವರ ಕೆಲ್ಸ ಓಗ್ಬಾರ್ದು ಸಾ' ಅಂತ ಎಡ್‌ಮಾಸ್ಟ್ರ ಮುಂದೆ ಅಂದದ್ದು ನಾನೇ ಕೇಳಿವ್ನಿ. ಆಮ್ಯಾಕೆ ನಮ್ಮ ಅಡ್ಗೆಮನೆ ಜಗ್ಲಿ ಮ್ಯಾಲೆ ಕುಂತ್ಕಂಡು ಎಡಗೈಲಿ ಬರೀತಿದ್ರು. 'ಬಲಗೈಗೆ ಏನಾಯ್ತು ಸಾ?' ಅಂದ್ರೆ, 'ನನ್ನಕ್ಷರ ಗೊತ್ತಾದ್ರೆ ಐಕಳಿಗೆ ಬೇಜಾರಾಯ್ತದೆ' ಅಂದ್ರು."

ಮಧುಶ್ರೀಯ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಅಯ್ಯೋ... ಎಂಥ ಮಾತಾಡಿಬಿಟ್ಟೆ!

ಆ ಸಂಜೆ ಬಸ್ಸಿಗೆ ಓಡುವ ಮೊದಲು ಪೊಟರೆಯಲ್ಲಿ ಒಂದು ಕಾಗದ ಇಟ್ಟಳು.

'ಮರವೇ, ಒಬ್ಬರನ್ನು ತಪ್ಪು ತಿಳಿದು ನೋಯಿಸಿದೆ. ಅವರನ್ನು ಕಂಡರೆ ನನಗೆ ತುಂಬಾ ಇಷ್ಟ. ಅದನ್ನು ಅವರಿಗೆ ಹೇಗೆ ಹೇಳಲಿ?'

ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಬಂದು ಪೊಟರೆಗೆ ಕೈ ಹಾಕಿದಳು. ಅವಳ ಕಾಗದ ಇರಲಿಲ್ಲ. ಉತ್ತರವೂ ಇರಲಿಲ್ಲ! ಮತ್ತೊಮ್ಮೆ ತಡಕಿದಳು. ಕ್ಷಮಿಸಲಿಲ್ಲ... ಯಾಕೆ ಕ್ಷಮಿಸಬೇಕು?

"ಉತ್ತರ ಇಲ್ಲಿದೆ."

ತಿರುಗಿದಳು. ಪರಮೇಶ ಕಾಗದ ಚಾಚಿ ನಿಂತಿದ್ದ. ಬೋರ್ಡಿನ ಮೇಲೆ ಅವಳು ದಿನಾ ನೋಡುವ ಅವನದೇ ದುಂಡು ಅಕ್ಷರ.

"ಇದನ್ನ ಎಡಗೈಲಿ ಬರೆಯೋಕೆ ಮನಸ್ಸು ಬರಲಿಲ್ಲ," ಎಂದ ಮೆಲ್ಲಗೆ.

'ಮರಕ್ಕೆ ಕಾಲಿಲ್ಲ. ಮಧುವನಹಳ್ಳಿಗೆ ಬಂದು ನಿಮ್ಮ ಅಪ್ಪನನ್ನು ಕೇಳೋಕಾಗಲ್ಲ. ನನಗೆ ಕಾಲಿದೆ. ಬರಲಾ?'

ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

"ಅವತ್ತು ಅಷ್ಟೊಂದು ಅಂದೆನಲ್ಲ... ಒಂದು ಮಾತು ತಿರುಗಿಸಿ ಹೇಳಬಾರದಿತ್ತಾ?"

"ಹೇಳಿದ್ರೆ ಮರದ ಗುಟ್ಟು ರಟ್ಟಾಗ್ತಿತ್ತು. ಪಕ್ಕದಲ್ಲೇ ದೀಪಶ್ರೀ ನಿಂತಿದ್ಲು."

ಅಳುತ್ತಲೇ ನಕ್ಕುಬಿಟ್ಟಳು.

"ಭಾನುವಾರ ಬನ್ನಿ. ನಾನೇ ಬಸ್‌ಸ್ಟಾಪಿಗೆ ಬರ್ತೀನಿ."

ಅವನ ಮುಖ ಅರಳಿತು. ದೂರದಲ್ಲಿ ಮಕ್ಕಳ ಗದ್ದಲ ಕೇಳಿಸಿತು. ಅವಳು ಕಾಗದವನ್ನು ಬೇಗ ಸೆರಗಿನಲ್ಲಿ ಮುಚ್ಚಿಕೊಂಡಳು.

"ಪರಮೇಶ್... ಸೋಮವಾರದಿಂದ ಮತ್ತೆ ಕಾಗದ ಬರೆಸ್ತೀನಿ. ಇಪ್ಪತ್ತಾರು ಉತ್ತರ ಒಬ್ಬರೇ ಬರೀತೀರಾ?"

"ಇನ್ನೇನ್ಮಾಡೋದು?"

ಅವಳು ತನ್ನ ಎಡಗೈಯನ್ನು ಅವನ ಮುಂದೆ ಚಾಚಿದಳು.

"ಇದಕ್ಕೂ ಬರೆಯೋದು ಕಲಿಸಿ."