ಕಾಲಿಗೆ ಕಟ್ಟುವ ಹಗ್ಗ

ಬೋರ್ಡು ಸಿಕ್ಕಿತು. ಹಗ್ಗ ಸಿಗಲಿಲ್ಲ.

ಮಾರಿಕಣಿವೆ ಹಿನ್ನೀರಿನ ಆಚೆ ದಡದ ಜಾಲಿ ಪೊದೆಯಲ್ಲಿ ಅದು ಸಿಕ್ಕಿಹಾಕಿಕೊಂಡಿತ್ತು. ಪಂಪಿನಿಂದ ಗಾಳಿ ತುಂಬಿ, ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ಹೋಗುವ ನೀಲಿ ಪ್ಯಾಡಲ್ ಬೋರ್ಡು. ತೆಪ್ಪ ನಡೆಸುವ ದೊಡ್ಡತಿಮ್ಮಪ್ಪ ಅದನ್ನೂ ಪಕ್ಕದಲ್ಲೇ ತೇಲುತ್ತಿದ್ದ ಹುಟ್ಟನ್ನೂ ಎಳೆದು ತಂದು ಈಚೆ ದಡಕ್ಕೆ ಹಾಕಿದ. ಕಾವ್ಯ ಓಡಿಹೋಗಿ ಮೊದಲು ನೋಡಿದ್ದು ಬೋರ್ಡಿನ ಹಿಂತುದಿಯನ್ನು. ಹತ್ತಿದವರ ಕಾಲಿಗೆ ಕಟ್ಟುವ ಸುರುಳಿ ಹಗ್ಗ ಅಲ್ಲಿರಬೇಕಿತ್ತು. ಇರಲಿಲ್ಲ!

ಹಿಂದಿನ ದಿನ ಇದೇ ಬೋರ್ಡಿನಿಂದ ಅವಳ ಗೆಳತಿ ಪ್ರೀತಿ ನೀರಿಗೆ ಬಿದ್ದಿದ್ದಳು. ಬಿದ್ದವಳನ್ನು ಅಲ್ಲೇ ಬಿಟ್ಟು ಬೋರ್ಡು ಗಾಳಿಗೆ ತೇಲಿ ಹೋಯಿತು. ಪ್ರೀತಿ ಈಜು ಕಲಿತಿದ್ದು ತೋಟದ ಬಾವಿಯಲ್ಲಿ. ಬಾವಿಗೂ ಅಣೆಕಟ್ಟಿನ ನೀರಿಗೂ ಎಲ್ಲಿಯ ಸಾಟಿ! ಕೈಸೋತು ಮುಳುಗಿದಳು. ದೊಡ್ಡತಿಮ್ಮಪ್ಪ ತೆಪ್ಪ ಹಾಕಿಕೊಂಡು ಹೋಗಿ ಎತ್ತದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈಗ ಅವಳು ಹಿರಿಯೂರಿನ ಆಸ್ಪತ್ರೆಯಲ್ಲಿ, ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳು.

ಇಷ್ಟಕ್ಕೆಲ್ಲ ಕಾರಣ ಕಾವ್ಯಳ ವಿಡಿಯೋ. ಚಿತ್ರದುರ್ಗದಲ್ಲಿ ಕೂತು ಅಗ್ಗದ ಸಾಮಾನುಗಳನ್ನು ಬಳಸಿ ನೋಡುವುದು, ಕೊಳ್ಳಬಹುದೋ ಬಾರದೋ ಎಂದು ಜನರಿಗೆ ಹೇಳುವುದು ಅವಳ ಕಸುಬು. ಮಿಕ್ಸಿ ಆಯಿತು, ಇಸ್ತ್ರಿಪೆಟ್ಟಿಗೆ ಆಯಿತು. ಈ ಸಲ ‘ಹೊಸಬರಿಗೆ ಅಗ್ಗದ ಪ್ಯಾಡಲ್ ಬೋರ್ಡು’. ಬೋರ್ಡು ಕೊಟ್ಟವನು ಹೊಸದುರ್ಗದ ಶಾಮಿಯಾನದಂಗಡಿಯ ತಿಪ್ಪೇಶ್. ಹಿನ್ನೀರಿನಲ್ಲಿ ಬಾಡಿಗೆಗೆ ಬಿಡೋಣವೆಂದು ಹೊಸದಾಗಿ ತರಿಸಿದ್ದ. ಎಂದೂ ಬೋರ್ಡು ಹತ್ತದ ಒಬ್ಬರು ಬೇಕಲ್ಲ? ಕಾವ್ಯ ಶ್ರೀರಾಂಪುರದಿಂದ ಪ್ರೀತಿಯನ್ನು ಕರೆಸಿದಳು. ಪ್ರೀತಿಯ ತಾಯಿ ಉಚ್ಚಂಗೆಮ್ಮ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದರು. ಅಗ್ಗದ ಕಿಟ್ಟಿನಲ್ಲಿ ಲೈಫ್ ಜಾಕೆಟ್ ಇರಲಿಲ್ಲ. “ನಂಗೆ ಈಜು ಬರ್ತೈತೆ ಬಿಡೇ” ಎಂದಿದ್ದಳು ಪ್ರೀತಿ. ಕಾವ್ಯ ಬಿಟ್ಟಿದ್ದಳು.

ಉಚ್ಚಂಗೆಮ್ಮನ ತಮ್ಮ ಓಬಳೇಶಪ್ಪ ಸುಮ್ಮನಿರುವ ಆಸಾಮಿಯಲ್ಲ. ರಾತ್ರಿಯೇ ಠಾಣೆಗೆ ದೂರು ಕೊಟ್ಟಿದ್ದ — ಕಳಪೆ ಮಾಲು, ಹಗ್ಗದ ಬಳೆ ಕಿತ್ತುಬಂದಿದೆ, ತಿಪ್ಪೇಶನನ್ನು ಒಳಗೆ ಹಾಕಿ!

ಸಬ್ ಇನ್ಸ್‌ಪೆಕ್ಟರ್ ಹೇಮಾವತಿ ಬೋರ್ಡಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಹಿಂತುದಿಯ ಕಬ್ಬಿಣದ ಬಳೆಯನ್ನು ಬೆರಳಿಂದ ಅಲ್ಲಾಡಿಸಿದರು.

“ಬಳೆ ಇಲ್ಲೇ ಐತಲ್ಲ! ಕಿತ್ತಿಲ್ಲ. ಹಗ್ಗ ಮಾತ್ರ ಇಲ್ಲ. ಕಟ್ಟಿದ್ದು ಯಾರು?”

“ನಾನೇ ಮೇಡಂ. ಎರಡೂ ತುದಿಗೆ ಅಂಟಿಸೋ ಪಟ್ಟಿ ಅವೆ. ಒಂದು ಬಳೆಗೆ, ಒಂದು ಕಾಲಿಗೆ.”

“ಸರಿಯಾಗಿ ಅಂಟಿಸಿದ್ಯಾ?”

“ಅಂಟಿಸಿದ್ದೆ… ಅನ್ಸುತ್ತೆ.”

“ಅನ್ಸುತ್ತಾ?”

ಕಾವ್ಯ ತಲೆ ತಗ್ಗಿಸಿದಳು. ರಾತ್ರಿಯಿಡೀ ಅವಳು ಮನಸ್ಸಿನಲ್ಲೇ ಆ ಪಟ್ಟಿಯನ್ನು ಅಂಟಿಸಿದ್ದಳು, ಬಿಚ್ಚಿದ್ದಳು, ಮತ್ತೆ ಅಂಟಿಸಿದ್ದಳು. ಈಗ ಯಾವುದು ನಿಜವೋ ಅವಳಿಗೇ ತಿಳಿಯದು.

“ಆಮೇಲೇನು ಮಾಡ್ದೆ?”

“ಕ್ಯಾಮರಾ ತಗಂಡು ಆ ಬಂಡೆ ಹತ್ತಿದೆ. ದೂರದಿಂದ ತೆಗೆಯಾಕೆ.”

ಹೇಮಾವತಿ ಬಂಡೆಯತ್ತ ನೋಡಿದರು. ಅಷ್ಟು ದೂರದಿಂದ ಮನುಷ್ಯರು ಕಂಡಾರು, ಅವರ ಕಾಲು ಕಾಣದು. ಅವರು ದೊಡ್ಡತಿಮ್ಮಪ್ಪನ ಕಡೆ ತಿರುಗಿದರು.

“ಏನಪ್ಪ, ಈ ಬೋರ್ಡು ಬಂದ್ರೆ ನಿನ್ನ ತೆಪ್ಪ ಹತ್ತೋರಿಲ್ಲ ಅಂತ ಊರೆಲ್ಲ ಕೂಗಾಡಿದ್ಯಂತೆ?”

“ಕೂಗಾಡಿದ್ದು ಹೌದವ್ವ. ಹೊಟ್ಟೆ ಉರೀತಿತ್ತು. ಹಂಗಂತ ಹೆಣ್ಮಗು ಕಾಲಿನ ಹಗ್ಗ ಕತ್ತರಿಸ್ತೀನಾ? ನನಗೂ ಮಕ್ಳು ಅವೆ.”

“ಎತ್ತಿದಾಗ ಅವಳ ಕಾಲಲ್ಲಿ ಹಗ್ಗ ಇತ್ತಾ?”

“ಇರ್ಲಿಲ್ಲ. ಎರಡೂ ಕಾಲು ಹಿಡಿದೇ ತೆಪ್ಪಕ್ಕೆ ಎಳ್ಕಂಡಿದ್ದು. ನೋಡ್ರಿ, ಗೆಜ್ಜೆ ತಗುಲಿ ಎರಡೂ ಅಂಗೈ ಗೀರ್ಕಂಡವೆ. ಹಗ್ಗ ಇದ್ದಿದ್ರೆ ಕೈಗೆ ಸಿಗ್ತಿರ್ಲಿಲ್ವಾ?”

ಹೇಮಾವತಿ ಅವನ ಅಂಗೈಗಳನ್ನು ನೋಡಿದರು. ಎದ್ದು ನಿಂತು ಕಾನ್‌ಸ್ಟೇಬಲ್‌ಗಳನ್ನು ಕರೆದರು.

“ಹೋಗಾಣ. ಇದನ್ನ ಠಾಣೆಗೆ ಹಾಕ್ರಿ. ಇವಳು ವಿಡಿಯೋದಾಗೆ ಮಾಡಾದನ್ನ ನಾನು ಅಂಗಳದಾಗೆ ಮಾಡ್ತೀನಿ.”

ಮಾಡಿದರು ಕೂಡ! ಠಾಣೆಯ ಬೇವಿನ ಮರದಡಿ ಬೋರ್ಡಿನ ಗಾಳಿ ಪೂರ್ತಿ ಬಿಟ್ಟು, ಮತ್ತೆ ಪಂಪು ಹೊಡೆಸಿದರು. ಇಬ್ಬರು ಕಾನ್‌ಸ್ಟೇಬಲ್‌ಗಳು ಸರದಿಯಲ್ಲಿ ಹೊಡೆದು ಬೆವರಿನಿಂದ ತೊಯ್ದುಹೋದರು. ಗಾಳಿ ತುಂಬುವ ಬಾಯಿಗೆ ಸೋಪಿನ ನೊರೆ ಬಳಿದರು; ಒಂದು ಗುಳ್ಳೆಯೂ ಏಳಲಿಲ್ಲ. ಅಡಿಭಾಗದ ರೆಕ್ಕೆಯನ್ನು ಹಿಡಿದು ಜಗ್ಗಿದರು. ಕೊನೆಗೆ ಬಳೆಗೆ ದನದ ಹಗ್ಗ ಕಟ್ಟಿಸಿ, ತಾವೇ ಬೋರ್ಡಿನ ಮೇಲೆ ಪಟ್ಟಾಗಿ ಕೂತು, “ಎಳೀರಿ!” ಎಂದರು. ಬೋರ್ಡೂ ಮೇಡಮ್ಮೂ ಒಟ್ಟಿಗೆ ಅಂಗಳದ ತುದಿವರೆಗೆ ಜಾರಿದರೇ ಹೊರತು ಬಳೆ ಜಗ್ಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ತಿಪ್ಪೇಶನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

“ಹುಟ್ಟು ಲಡ್ಡು. ಎರಡು ತಿಂಗಳು ಬಂದ್ರೆ ಹೆಚ್ಚು,” ಎಂದರು ಹೇಮಾವತಿ, ಪ್ಯಾಂಟಿನ ಮಣ್ಣು ಕೊಡವುತ್ತ. “ಉಳಿದದ್ದು ಗಟ್ಟಿ. ಅಗ್ಗದ್ದು ಹೌದು. ಕಳಪೆ ಅಲ್ಲ.”

“ಹಂಗಾದ್ರೆ ನನ್ನ ಬಿಡ್ತೀರಾ ಮೇಡಂ?” ತಿಪ್ಪೇಶ ಗೋಡೆ ಬಿಟ್ಟು ಮುಂದೆ ಬಂದ. “ಇದು ಕೇಸಾದ್ರೆ ಶಾಮಿಯಾನಕ್ಕೂ ಯಾರೂ ಕರೆಯಲ್ಲ. ಮನೇಲಿ ತಲೆ ಎತ್ತಂಗಿಲ್ಲ.”

“ಹಗ್ಗದ ಪಟ್ಟಿ ಕಿತ್ತಿರಬಹುದಲ್ಲ? ಆಸ್ಪತ್ರೇಲಿರೋ ಹುಡುಗಿ ಹಂಗೇ ಅಂತಾಳೆ. ಹಗ್ಗ ಸಿಗೋವರೆಗೂ ನೀನು ಇಲ್ಲೇ ಕುಂತ್ಕ.”

ಆಮೇಲೆ ಅವರು ಕಾವ್ಯಳನ್ನು ಒಳಗೆ ಕರೆದರು. ಮುಂದೆ ಮಂಡಕ್ಕಿಯ ಪೊಟ್ಟಣ ಬಿಚ್ಚಿಟ್ಟುಕೊಂಡು, ಅವಳು ಬೆಳಿಗ್ಗೆ ಕೊಟ್ಟಿದ್ದ ವಿಡಿಯೋ ಹಾಕಿದರು.

“ಇದ್ರಾಗೆ ಸದ್ದೇ ಇಲ್ಲವಲ್ಲಮ್ಮ?”

“ಮೈಕು ಕೆಟ್ಟಿತ್ತು ಮೇಡಂ.”

“ಓಹೋ! ಬೇರೆಯವರ ಸಾಮಾನಿನ ತಪ್ಪು ಹಿಡಿಯೋಳು ಕೆಟ್ಟ ಮೈಕು ತಗಂಡು ಹೋಗಿದ್ಯಾ?” ಹೇಮಾವತಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. “ಕತ್ತರಿಸದೇ ಇರಾದು ಎಲ್ಲೈತೆ?”

ಕಾವ್ಯ ಕಕ್ಕಾಬಿಕ್ಕಿಯಾದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು; ಹೇಳಿದ ಒಂದನ್ನೂ ದಕ್ಕಿಸಿಕೊಳ್ಳಲಾಗಲಿಲ್ಲ. ಚೀಲ ತಡಕಿ ಮೆಮೊರಿ ಕಾರ್ಡು ತೆಗೆದಳು. ಅದರ ಜೊತೆ ಒಂದು ಪ್ಲಾಸ್ಟಿಕ್ ಕವರೂ ಮೇಜಿನ ಮೇಲೆ ಬಿತ್ತು. ಘಲ್ ಎಂದಿತು.

“ಇದೇನು?”

“ಪ್ರೀತಿ ಗೆಜ್ಜೆ. ಆಸ್ಪತ್ರೆಗೆ ಸೇರಿಸ್ಕಳ್ಳುವಾಗ ನರ್ಸು ಬಿಚ್ಚಿ ನನ್ನ ಕೈಗೆ ಕೊಟ್ರು.”

ಹೇಮಾವತಿ ಕವರನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಮೂಲ ವಿಡಿಯೋ ಓಡತೊಡಗಿತು.

ಮೊದಲು ದಡ. ಪ್ರೀತಿಯ ಬಲಗಾಲು ಹತ್ತಿರದಿಂದ ಕಾಣುತ್ತಿತ್ತು. ಕಾವ್ಯಳ ದನಿ: “ಈ ಕಾಲಿನ ಗೆಜ್ಜೆ ಬಿಚ್ಚೇ, ಪಟ್ಟಿ ಕೂರಲ್ಲ.” ಪ್ರೀತಿ ಒಂದು ಗೆಜ್ಜೆ ಬಿಚ್ಚಿ ತಾಯಿಗೆ ಕೊಟ್ಟಳು. ಉಚ್ಚಂಗೆಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, “ಅಲ್ಲವ್ವಾ, ಕಾಲಿಗ್ಯಾಕೆ ಹಗ್ಗ?” ಎಂದರು. ಕಾವ್ಯಳ ನಗು: “ಬೋರ್ಡು ಕಳೆದ್ರೆ ತಿಪ್ಪೇಶಣ್ಣ ನನ್ನ ಚರ್ಮ ಸುಲಿತಾನಮ್ಮ!”

ಆಮೇಲೆ ದೂರದ ನೋಟ. ಮಂಡಿಯೂರಿ ಕೂತ ಪ್ರೀತಿ, ಎದ್ದು ನಿಂತ ಪ್ರೀತಿ, ಕೈ ಬೀಸಿದ ಪ್ರೀತಿ. ಒಂದು ಗಾಳಿ. ಬಿದ್ದಳು. ನೀರಿನಿಂದ ತಲೆ ಎತ್ತಿ ದಡದ ಕಡೆಗೇ ತಿರುಗಿದ್ದಳು, ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಬಂಡೆಯ ಮೇಲಿನಿಂದ ಕಾವ್ಯ ಕಿರುಚಿದ್ದಳು: “ಬೋರ್ಡು ಹಿಡಿಯೇ! ಬೋರ್ಡು! ಬೋರ್ಡು ಹೋಯ್ತು!”

ಪ್ರೀತಿ ದಡ ಬಿಟ್ಟು ಬೋರ್ಡಿನ ಹಿಂದೆ ಈಜಿದಳು.

“ನಾನೇ ಮೇಡಂ,” ಕಾವ್ಯ ಬಿಕ್ಕಿದಳು. “ಅವಳು ವಾಪಸ್ ಬರ್ತಿದ್ಲು. ನಾನೇ ನಡುನೀರಿಗೆ ಕಳಿಸ್ದೆ. ನನ್ನನ್ನೇ ಒಳಗೆ ಹಾಕ್ರಿ.”

ಹೇಮಾವತಿ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ವಿಡಿಯೋವನ್ನು ಹಿಂದಕ್ಕೆ ಓಡಿಸಿ ದಡದ ಭಾಗವನ್ನೇ ಮತ್ತೆ ನೋಡಿದರು. ಎದ್ದರು.

“ಅಳಾದು ಆಮೇಲೆ. ಆ ಕವರು ತಗ. ಆಸ್ಪತ್ರೆಗೆ ಹೋಗಾಣ.”

ವಾರ್ಡಿನಲ್ಲಿ ಪ್ರೀತಿ ದಿಂಬಿಗೆ ಒರಗಿ ಕೂತಿದ್ದಳು. ಕೊಳವೆ ತೆಗೆದಿದ್ದರು. ಉಚ್ಚಂಗೆಮ್ಮ ಗಂಜಿ ತರಲು ಹೋಗಿದ್ದರು. ಓಬಳೇಶಪ್ಪ ಮಾತ್ರ ಮಂಚದ ಪಕ್ಕದಲ್ಲೇ ಇದ್ದ.

“ಬರ್ರಿ ಮೇಡಂ. ಅವನನ್ನ ಅರೆಸ್ಟ್ ಮಾಡಿದ್ರಾ?”

“ಕುಂತ್ಕಳ್ರಿ ಓಬಳೇಶಪ್ಪ. ಪ್ರೀತಿ, ಇನ್ನೊಂದ್ಸಲ ಹೇಳಮ್ಮ — ಬಿದ್ದಾಗ ಕಾಲಲ್ಲಿ ಹಗ್ಗ ಇತ್ತಾ?”

“ಇತ್ತು ಮೇಡಂ.” ಪ್ರೀತಿಯ ದನಿ ಇನ್ನೂ ಕರಕರ ಎನ್ನುತ್ತಿತ್ತು. “ನೀರಾಗೆ ಪಟ್ಟಿ ಕಿತ್ಕಂತು.”

ಹೇಮಾವತಿ ಕವರನ್ನು ಅವಳ ಮಗ್ಗುಲಲ್ಲಿ ಹಾಸಿಗೆಯ ಮೇಲೆ ಸುರಿದರು. ಗೆಜ್ಜೆ ಒಂದಲ್ಲ, ಜೋಡಿ.

“ಹಗ್ಗ ಕಟ್ಟಾಕೆ ಅಂತ ಬಲಗಾಲಿಂದು ಬಿಚ್ಚಿಸಿದ್ಲು ಇವಳು. ಅದು ನಿಮ್ಮಮ್ಮನ ಸೆರಗಿನಾಗಿತ್ತು. ವಿಡಿಯೋದಾಗೆ ಐತೆ. ಆದ್ರೆ ದೊಡ್ಡತಿಮ್ಮಪ್ಪ ನಿನ್ನ ನೀರಿಂದ ಎಳೆದಾಗ ಎರಡೂ ಕಾಲಲ್ಲಿ ಗೆಜ್ಜೆ ಇದ್ವು. ಅವನ ಎರಡೂ ಅಂಗೈ ಗೀರವೆ. ನರ್ಸು ಬಿಚ್ಚಿದ್ದೂ ಜೋಡೀನೇ. ಪಟ್ಟಿ ಇದ್ದ ಕಾಲಿಗೆ ಗೆಜ್ಜೆ ಕೂರಲ್ಲ ಅಂತ ಇವಳೇ ಹೇಳಿದಾಳೆ. ಅಂದ್ರೇನು? ನೀನು ನೀರಿಗೆ ಇಳಿಯೋಕೆ ಮುಂಚೇನೇ ಯಾರೋ ಹಗ್ಗ ಬಿಚ್ಚಿ, ಸೆರಗಿನ ಗಂಟು ಬಿಚ್ಚಿ, ಗೆಜ್ಜೆ ವಾಪಸ್ ಹಾಕಿದಾರೆ. ಇವಳು ಆಗ ಬಂಡೆ ಹತ್ತುತಿದ್ಲು. ದಡದಾಗೆ ಇದ್ದೋರು ಇಬ್ರೇ.”

ಕಾವ್ಯ ಬಗ್ಗಿ ಆ ಜೋಡಿಯನ್ನು ನೋಡಿದಳು. ನಿನ್ನೆಯಿಂದ ಆ ಗೆಜ್ಜೆಗಳನ್ನು ತನ್ನ ಚೀಲದಲ್ಲಿ ಹೊತ್ತು ತಿರುಗಿದ್ದಳು! ಒಮ್ಮೆಯೂ ಹೊಳೆದಿರಲಿಲ್ಲ.

“ಮೇಡಂ, ಬಿಟ್ಬಿಡ್ರಿ,” ಪ್ರೀತಿ ಕೈ ಮುಗಿದಳು. ಕಣ್ಣು ಬಾಗಿಲ ಮೇಲೇ ಇತ್ತು. “ಅಮ್ಮಂಗೆ ಗೊತ್ತಿಲ್ಲ. ಆ ಹಗ್ಗ ಯಾತಕ್ಕೆ ಅಂತ ನಂಗೂ ನೀರಿಗೆ ಬಿದ್ದ ಮೇಲೇ ಗೊತ್ತಾಗಿದ್ದು. ಅವಳಿಗೆ ಗೊತ್ತಾದ್ರೆ ಬದುಕಲ್ಲ.”

“ಅದಕ್ಕೆ ತಿಪ್ಪೇಶ ಜೈಲಿಗೆ ಹೋಗ್ಲಾ? ಅವನಿಗೂ ಮನೆ ಐತೆ ಕಣಮ್ಮ.”

ಪ್ರೀತಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

“ಯಾತರದ್ದು, ಹಗ್ಗದ ಮಾತಾ? ಅದನ್ನ ನಾನೇ ಬಿಚ್ಚಿ ಎಸೆದೆ. ಅದಕ್ಕೇನೀಗ?”

ಉಚ್ಚಂಗೆಮ್ಮ ಗಂಜಿಯ ಡಬ್ಬಿ ಹಿಡಿದು ನಿಂತಿದ್ದರು. ಎಲ್ಲರನ್ನೂ ಎಲ್ಲರೂ ವಿಚಾರಿಸಿದ್ದರು, ಈ ತಾಯಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

“ಅಮ್ಮಾ, ಸುಮ್ನಿರು!” ಎಂದಳು ಪ್ರೀತಿ.

“ಯಾಕೆ ಸುಮ್ನಿರಬೇಕು? ಕಾಲಿಗೆ ಹಗ್ಗ ಕಟ್ಟಾದು ದನಕ್ಕೆ, ಇಲ್ಲ ಹೆಣಕ್ಕೆ. ಹೋದ ವರ್ಷ ನಿಮ್ಮಪ್ಪನ ಕಾಲ ಹೆಬ್ಬೆರಳಿಗೆ ದಾರ ಕಟ್ಟಿದ್ದನ್ನ ನೋಡಿದ ಕಣ್ಣು ಇವು. ಮತ್ತೆ ಮಗಳ ಕಾಲಿಗೂ ಕಟ್ಟಾದನ್ನ ನೋಡ್ಕಂಡು ಕುಂದ್ರಲಾ? ಈ ಹುಡ್ಗೀನ ಕೇಳ್ದೆ. ಬೋರ್ಡು ಕಳೀಬಾರ್ದು ಅಂತ ಅಂದ್ಲು. ಕಳೆದ್ರೆ ಕಳೀಲಿ, ಹಾಳಾದ್ದು! ಬೇಕಾದ್ರೆ ನನ್ನ ಓಲೆ ಮಾರಿ ಕೊಡ್ತೀನಿ ಅಂತ ಕಿತ್ತು ಅಲ್ಲೇ ದಡದ ಜಾಲಿಗಿಡಕ್ಕೆ ಎಸೆದೆ.”

ಓಬಳೇಶಪ್ಪ ಅಕ್ಕನನ್ನು ನೋಡಿದ, ಅಕ್ಕನ ಮಗಳನ್ನು ನೋಡಿದ, ಕೊನೆಗೆ ತನ್ನ ಚಪ್ಪಲಿಯನ್ನು ನೋಡಿದ.

“ದೂರು ವಾಪಸ್ ತಗಳ್ರಿ ಓಬಳೇಶಪ್ಪ,” ಎಂದರು ಹೇಮಾವತಿ. “ಹಗ್ಗ ಬಿಚ್ಚಿದ ಕೈ ಈ ತಾಯೀದು. ಬಿಚ್ಚಿಸಿದ ಬಾಯಿ ಇವಳದು.” ಅವರು ಕಾವ್ಯಳ ಕಡೆ ತಿರುಗಿದರು. “ಹಗ್ಗ ಯಾತಕ್ಕೆ ಅಂತ ಕೇಳಿದ್ರೆ ಬೋರ್ಡು ಉಳಿಸಾಕೆ ಅಂದೆ. ಹುಡುಗಿ ನೀರಿಗೆ ಬಿದ್ರೂ ಬೋರ್ಡು ಹಿಡಿ ಅಂದೆ. ಇದಕ್ಕೆ ಹಾಕಾಕೆ ನನ್ನ ಹತ್ರ ಸೆಕ್ಷನ್ ಇಲ್ಲ. ಇದ್ದಿದ್ರೆ ಹಾಕ್ತಿದ್ದೆ.”

ಉಚ್ಚಂಗೆಮ್ಮನ ಮುಖದ ಸಿಟ್ಟು ನಿಧಾನವಾಗಿ ಇಳಿಯಿತು. ಡಬ್ಬಿಯನ್ನು ಕಿಟಕಿಯ ಮೇಲಿಟ್ಟರು. ಕಾವ್ಯಳ ಹತ್ತಿರ ಬಂದು ನಿಂತರು.

“ಬೋರ್ಡು ಉಳಿಸಾಕಲ್ವಾ? ಮತ್ತೆ ಅದು ಯಾತಕ್ಕವ್ವಾ?”

ಪ್ರೀತಿ ತಾಯಿಯ ಬೆನ್ನ ಹಿಂದಿನಿಂದ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು. ಒಂದು ಸುಳ್ಳು ಸಾಕಿತ್ತು. ಹೇಳಿಬಿಡಲೇ ಎಂದು ಕಾವ್ಯಳ ನಾಲಿಗೆ ತುದಿಗೂ ಬಂತು. ಆದರೆ ಈ ಹೆಂಗಸು ಇದೇ ಪ್ರಶ್ನೆಯನ್ನು ಒಮ್ಮೆ ಕೇಳಿದ್ದರು, ತಾನು ನಕ್ಕು ಹಾರಿಸಿದ್ದಳು. ಎರಡನೇ ಸಲವೂ ಹಾರಿಸಲು ಅವಳಿಂದಾಗಲಿಲ್ಲ.

“ಬಿದ್ದೋರನ್ನ ಬಿಟ್ಟು ಬೋರ್ಡು ದೂರ ಹೋಗಬಾರ್ದು ಅಂತ ಅಮ್ಮ. ಹಗ್ಗ ಇದ್ರೆ ಎಳ್ಕಂಡು ಹಿಡ್ಕಬಹುದು. ಹಿಡ್ಕಂಡ್ರೆ… ಮುಳುಗಲ್ಲ.” ಅವಳಿಗೆ ಅಳು ಉಕ್ಕಿ ಬಂತು. “ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಉಚ್ಚಂಗೆಮ್ಮ ಮಗಳ ಕಾಲ ಬಳಿ ಕೂತು, ಹೊದಿಕೆ ಸರಿಸಿ, ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರು ಬೈಯುತ್ತಾರೆಂದು ಕಾವ್ಯ ಕಾದಳು. ಬೈದರೆ ಸಾಕೆಂದು ಬೇಡಿಕೊಂಡಳು.

“ಹಂಗಂತ ಹೇಳಿದ್ರೆ,” ಎಂದರು ಉಚ್ಚಂಗೆಮ್ಮ, ಮೆಲ್ಲಗೆ, “ಎರಡೂ ಕಾಲಿಗೆ ನಾನೇ ಕಟ್ತಿದ್ನಲ್ಲೇ, ನನ್ನವ್ವಾ.”