ಬೆನ್ನಿಗೆ ಅಂಟಿ ನಡೆದವಳು

ಸೋಮವಾರ ಬೆಳಿಗ್ಗೆ 9.40ಕ್ಕೆ ಬಡಾವಣೆ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ದೂರು ಕೊಟ್ಟರು. ಮೂಲೆಯ ಕಂಬದ ಕ್ಯಾಮೆರಾವನ್ನು ಯಾರೋ ಹದಿನೈದು ದಿನದಲ್ಲಿ ಮೂರನೇ ಸಲ ಒಡೆದಿದ್ದರು. ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಹನ್ನೊಂದಕ್ಕೆ ಸ್ಥಳದ ಪಂಚನಾಮೆ ಮಾಡಿಸಿದರು. ಚರಂಡಿಯಲ್ಲಿ ಕ್ರಿಕೆಟ್ ಚೆಂಡೊಂದು ಸಿಕ್ಕಿತು. ಅದರ ಮೇಲೆ ಶಾಲೆಯ ಮೊಹರು.

“ಮೂರಕ್ಕೆ ಮೂರೂ ವಿಕೆಟ್ಟು, ಮೇಡಂ,” ಎಂದ ಪೇದೆಯ ದನಿಯಲ್ಲಿ ಮೆಚ್ಚುಗೆಯೇ ಇತ್ತು.

ಶಾಲೆಯಲ್ಲಿ ವಿಚಾರಿಸಿದರೆ, ತಂಡದ ಒಳ್ಳೆಯ ಬೌಲರ್, ಒಂಬತ್ತನೇ ತರಗತಿಯ ಹುಡುಗಿ, ಹದಿನೇಳು ದಿನದಿಂದ ಆ ಕಡೆ ತಲೆ ಹಾಕಿಲ್ಲವೆಂದು ತಿಳಿಯಿತು. ಇನ್ನು ಮೂರು ದಿನ ಬಾರದಿದ್ದರೆ ಹೆಸರು ತೆಗೆಯುತ್ತಾರಂತೆ.

ಅವಳು ಕೊನೆಯ ಸಲ ಶಾಲೆಯಿಂದ ಮರಳಿದ ದಿನ ಅದೇ ಕ್ಯಾಮೆರಾದಲ್ಲಿ ದಾಖಲಾಗಿದ್ದ ದೃಶ್ಯವನ್ನು ಇನ್‌ಸ್ಪೆಕ್ಟರಮ್ಮ ತರಿಸಿ ನೋಡಿದರು. ಸಂಜೆ 4.22. ಹುಡುಗಿ ಮೂಲೆ ತಿರುಗುತ್ತಾಳೆ. ಇಸ್ತ್ರಿ ಅಂಗಡಿಯವಳು ಓಡಿಬಂದು, ಮಡಿಸಿಟ್ಟ ಹೊದಿಕೆಯನ್ನು ಬಿಡಿಸಿ ಹಿಡಿದು, ಅವಳ ಬೆನ್ನಿಗೆ ಅಂಟಿಕೊಂಡೇ ಮನೆಯ ಗೇಟಿನವರೆಗೆ ನಡೆಯುತ್ತಾಳೆ. ಅಷ್ಟು ನೀಟಾಗಿ ಇಸ್ತ್ರಿ ಮಾಡಿದ್ದನ್ನು ಯಾರೂ ಸುಮ್ಮನೆ ಬಿಡಿಸುವುದಿಲ್ಲ.

“ಮಗು ಲಂಗಕ್ಕೆ ಕಲೆಯಾಗಿತ್ತಮ್ಮ. ಅವಳಿಗೇ ಗೊತ್ತಿರ್ಲಿಲ್ಲ, ಪಾಪ,” ಎಂದಳು ಇಸ್ತ್ರಿಯವಳು, ವಿಚಾರಿಸಿದಾಗ. “ನಾನು ಅಡ್ಡ ಹೋಗೋಕೆ ಮುಂಚಿನ ವಿಡಿಯೋನ ಕಾರ್ಯದರ್ಶಿಗಳು ಫೋನಲ್ಲಿ ಎಲ್ರಿಗೂ ಕಳಿಸಿದ್ರು. ತಾಯಂದಿರು ಗಮನಿಸಿ, ಅಂತ.”

ಆ ತುಣುಕು ಶಾಲೆಯ ಹುಡುಗರ ಫೋನಿಗೂ ತಲುಪಿತ್ತು.

ಇನ್‌ಸ್ಪೆಕ್ಟರಮ್ಮ ಸಮವಸ್ತ್ರ ಬದಲಿಸಿ ಹುಡುಗಿಯ ಮನೆಗೆ ಹೋದರು. ತಾಯಿ ಪಕ್ಕದಲ್ಲೇ ಕೂತಿದ್ದಳು.

“ಒಡೆದಿದ್ದು ನೀನೇನಾ?”

“ಹೂಂ.”

“ಯಾಕೆ?”

“ಸ್ಕೂಲಿಗೆ ಅದರ ಮುಂದೇನೇ ಹೋಗ್ಬೇಕು.” ಹುಡುಗಿ ಕೇಳಿದಳು, “ನನ್ನ ಚೆಂಡು ಕೊಡ್ತೀರಾ?”

“ಅದೀಗ ಮುದ್ದೆಮಾಲು, ಕೇಸಿನ ಸಾಕ್ಷಿ, ಕೋರ್ಟಿಗೆ ಹೋಗತ್ತೆ. ಸ್ಕೂಲಲ್ಲಿ ಬೇರೇದಿದೆಯಂತೆ, ಹೋಗಿ ಕೇಳು. ಕಂಬದ ವಿಷಯ ನನಗೆ ಬಿಡು.”

ಹುಡುಗಿಯ ಬಗ್ಗೆ ಬಾಲನ್ಯಾಯ ಮಂಡಳಿಗೆ ವರದಿ ಹೋಯಿತು. ತಾಯಿಯ ದೂರಿನ ಮೇಲೆ, ತುಣುಕು ಹಂಚಿದ ಕಾರ್ಯದರ್ಶಿಯ ವಿರುದ್ಧ ಎರಡನೇ ಎಫ್‌ಐಆರ್ ದಾಖಲಾಯಿತು. ಕ್ಯಾಮೆರಾ ಕಳಚಿಸಿದರು. ಬುಧವಾರ ಸಂಜೆ ನಾಲ್ಕಕ್ಕೆ ಕಾರ್ಯದರ್ಶಿಯನ್ನು ಬಂಧಿಸಿದಾಗ ಅವರ ಮೇಜಿನಲ್ಲಿ ನೋಟುಬುಕ್ಕೊಂದು ಸಿಕ್ಕಿತು. ಬಡಾವಣೆಯ ಹೆಣ್ಣುಮಕ್ಕಳು ಹೊರಟ ಹೊತ್ತು, ಬಂದ ಹೊತ್ತು. ಮೊದಲ ಸಾಲು ಹನ್ನೊಂದು ವರ್ಷದ ಹಿಂದಿನದು: ‘ನನ್ನ ಮಗಳು’. ಹೊರಟ ಹೊತ್ತಿನ ಜಾಗ ಖಾಲಿ. ಬಂದ ಹೊತ್ತಿನದೂ ಖಾಲಿ.

“ಹೇಳದೆ ಹೋದ್ಲು, ಮೇಡಂ. ಅವತ್ತು ಯಾರೂ ನೋಡಿರ್ಲಿಲ್ಲ.”

ಇನ್‌ಸ್ಪೆಕ್ಟರಮ್ಮ ಅವರಿಗೆ ಒಂದು ಲೋಟ ನೀರು ಕೊಟ್ಟು, ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿದರು.

ಜೀಪು ಮೂಲೆ ತಿರುಗುವಾಗ ಶಾಲೆ ಬಿಟ್ಟಿತ್ತು. ಬೋಳು ಕಂಬದ ಕೆಳಗೆ ಹುಡುಗಿ ಚೆಂಡೊಂದನ್ನು ಮೇಲೆಸೆದು ಹಿಡಿಯುತ್ತ ಬರುತ್ತಿದ್ದಳು. ಇಸ್ತ್ರಿಯವಳು ಒಮ್ಮೆ ತಲೆಯೆತ್ತಿ ನೋಡಿ, ಹೊದಿಕೆಯ ಮಡಿಕೆ ಸರಿಮಾಡಿ, ಮತ್ತೆ ಕೆಲಸಕ್ಕೆ ಬಗ್ಗಿದಳು.